ಎಂಟು

ಒಂದರಿಂದ ಹತ್ತರೊಳಗೆ ಹೇಳಿ,
ನೋವು ಎಷ್ಟು?
ನರ್ಸ್ ಹುಡುಗ ಬಾಗಿ ಕೇಳಿದ, ತುಸು ಜೋರಾಗಿ.
ಸೊಂಟ ಮುರಿದು ಮಲಗಿದ್ದ ಗುಡ್ಲಾಗ್ ಅತ್ತೆ
ಚಾವಣಿ ನೋಡಿಕೊಂಡೇ ಅಂದಳು:
ಗಾವ್ಟ್ಸಿ.

ಹುಡುಗ ನನ್ನ ಮುಖ ನೋಡಿದ.
ಔಷಧದ ಮಂಪರು, ಅಂದೆ.
ಮತ್ತೆ ಕೇಳಿದ. ಮತ್ತೆ ಅದೇ.
ಹಾಳೆಯಲ್ಲಿ ಬರೆದುಕೊಂಡ: ಉತ್ತರವಿಲ್ಲ.

ಆ ಶಬ್ದ ನನಗೆ ಗೊತ್ತಿತ್ತು.
ಗೊತ್ತಿದೆಯೆಂದು ಮಾತ್ರ
ಐವತ್ತೊಂಬತ್ತು ವರ್ಷ ಗೊತ್ತಿರಲಿಲ್ಲ.

ಅಜ್ಜಿ ಉಣ್ಣೆಯ ಕೈಗವಸು ಹೆಣೆಯುತ್ತ
ಕುಣಿಕೆಗೊಂದರಂತೆ ತುಟಿಯೊಳಗೇ ಹೇಳಿಕೊಳ್ಳುವಳು:
ಒಕ್ತಾ, ಗುಒಕ್ತೆ, ಗೊಲ್ಬ್ಮಾ...
ಏನಜ್ಜಿ ಅದು?
ಕುರಿಗಳ ಪದ. ನಡಿ ಆಚೆ.

ಅಂಗಳದಲ್ಲಿ ಚೌಕ ಬರೆದು
ಒಂಟಿಗಾಲಲ್ಲಿ ಕುಂಟುತ್ತ ನಾವೂ ಅದನ್ನೇ ಕೂಗಿದೆವು,
ಒಂದು ಚೌಕಕ್ಕೆ ಒಂದು ಪದ.
ಎಂದೂ ಕೈಯೆತ್ತದ ಅಜ್ಜ
ಮೀನಿನ ಬಲೆ ಬಿಟ್ಟೆದ್ದು ಬಂದು
ಕೆನ್ನೆಗೆ ಬಿಟ್ಟ.
ಏಳನೆಯ ಚೌಕದಲ್ಲಿದ್ದೆ.
ಎಂಟು ಬಾಯಲ್ಲೇ ಉಳಿಯಿತು.
ಹೊಡೆದವನ ಕೈ ನಡುಗುತ್ತಿತ್ತು; ಅದನ್ನು ಜೇಬಿಗೆ ತುರುಕಿಕೊಂಡ.

ನಮ್ಮ ಮನೆಯ ಇತಿಹಾಸ ಒಂದೇ ಸಾಲು:
ಯುದ್ಧದಲ್ಲಿ ಎಲ್ಲ ಸುಟ್ಟುಹೋಯಿತು.
ಸುಳ್ಳಲ್ಲ. ನಲವತ್ತನಾಲ್ಕರಲ್ಲಿ ಜರ್ಮನ್ ಸೈನಿಕರು
ಹಿಂದೆ ಸರಿಯುತ್ತ ಮನೆ, ಕೊಟ್ಟಿಗೆ, ದೋಣಿ,
ಫಿನ್‌ಮಾರ್ಕಿನ ಕಡಲಂಚನ್ನೇ ಉದ್ದಕ್ಕೂ ಸುಟ್ಟರು.
ಆದರೆ ಯಾವುದನ್ನು ಕೇಳಿದರೂ ಅದೇ ಬೆಂಕಿ:
ಮುತ್ತಜ್ಜಿಯ ಫೋಟೊ? ಸುಟ್ಟಿತು.
ಅವಳ ಹೆಸರು? ಸುಟ್ಟಿತು.
ಹೆಸರು ಹೇಗೆ ಸುಡುತ್ತದೆ ಅತ್ತೆ?
ಗಾಳಿ ಬರ್ತಿದೆ, ಕಿಟಕಿ ಹಾಕು.

ದಫ್ತರಖಾನೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟೇ ದೂರ.
ಅಲ್ಲಿ ಬೆಂಕಿ ಬಿದ್ದಿರಲಿಲ್ಲ.
ಸಾವಿರದ ಒಂಬೈನೂರ ಹತ್ತರ ಗಣತಿ,
ಕಂದಿದ ಶಾಯಿ, ಓರೆ ಅಕ್ಷರ:
ಎಲ್ಲೆನ್, ವಿಧವೆ, ಎರಡು ಹಸು.
ಮಗ ಆಂತೆ, ಐದು ವರ್ಷ.
ಇಬ್ಬರ ಹೆಸರಿನ ಪಕ್ಕವೂ ಸೊಳ್ಳೆಯಷ್ಟು ಸಣ್ಣಗೆ
ಒಂದೊಂದು ಲ.
ಲಾಪ್ ಎಂಬುದರ ಲ.

ಆ ಪದವನ್ನು ನಾನೂ ಬಳಸಿದ್ದೇನೆ.
ಇಸ್ಸಾತ್ ಅಂತ ಒಬ್ಬ ಹುಡುಗ, ನಾಲ್ಕನೇ ಕ್ಲಾಸಿನಲ್ಲಿ.
ಹಿಮದುಂಡೆಯ ಒಳಗೆ ಕಲ್ಲಿಟ್ಟು ಎಸೆಯುವ ಹಾಗೆ ಎಸೆದಿದ್ದೇನೆ.
ಅವನು ತಿರುಗಿ ನೋಡಿದ್ದ,
ಈಗ ನೆನಪಾಗುತ್ತದೆ, ನನ್ನನ್ನು ಗುರುತು ಹಿಡಿದವನಂತೆ.

ಇಪ್ಪತ್ತೆಂಟು ವರ್ಷ ಕಳೆದ ಮೇಲಿನ ಜಮೀನು ಪತ್ರದಲ್ಲಿ
ಆಂತೆ ಇಲ್ಲ.
ಆಂಡರ್ಸ್ ಇದ್ದಾನೆ. ಮನೆಮಾತು: ನಾರ್ವೇಜಿಯನ್.
ಹದಿನಾಲ್ಕು ಎಕರೆ, ಬಹುಪಾಲು ಬಂಡೆ,
ಕೆಳಗೆ ರುಜು, ಒತ್ತಿ ಬರೆದದ್ದು,
ಆಗತಾನೆ ಕಲಿತವನ ಹಾಗೆ.
ನಾಲಿಗೆ ಕೊಟ್ಟು ಬಂಡೆ ಕೊಳ್ಳುವುದಕ್ಕೂ
ಎಂಟೆದೆ ಬೇಕೇನೋ.
ನನ್ನ ಕೆನ್ನೆಗೆ ಬಿದ್ದದ್ದು ಆ ಹದಿನಾಲ್ಕು ಎಕರೆಯ ಭಯ.
ಬೇಲಿಯಾಚೆ ಯಾರೋ ಕೇಳಿಸಿಕೊಂಡು
ಪತ್ರ ಹಿಂದಕ್ಕೆ ಕೇಳಿದರೆ?

ಅಜ್ಜಿಗೆ ಮಾತ್ರ
ಅವನೂ ಏನನ್ನಲಿಲ್ಲ.
ಬೆರಳುಗಳು ಬೇರೆ ಭಾಷೆಯಲ್ಲಿ ಎಣಿಸಿದರೆ
ಗವಸು ಸಣ್ಣದಾಗುತ್ತಿತ್ತೋ ಏನೋ.

ಮೂವತ್ತು ವರ್ಷ ಕಾರ್ಖಾನೆಯಲ್ಲಿ
ಕಾಡ್ ಮೀನಿನ ಪೆಟ್ಟಿಗೆ ಎಣಿಸಿದವಳು ನಾನು,
ಒಂದು ದಿನ ಲೆಕ್ಕ ತಪ್ಪಿದವಳಲ್ಲ.
ದಫ್ತರಖಾನೆಯ ಮೆಟ್ಟಿಲಲ್ಲಿ ನಿಂತು
ಬಾಯಿಬಿಟ್ಟು ಎಣಿಸಲು ನೋಡಿದೆ.
ಆರರವರೆಗೆ ಸಲೀಸು.
ಏಳಕ್ಕೆ ಕೆನ್ನೆ ಬಿಸಿಯಾಯಿತು.

ಸಂಜೆ ಪಾಳಿಯ ಹುಡುಗ ಅವನೇ.
ಎಂಟು ಅಂದಿದ್ದಳು, ಎಂದೆ.
ಬೆಳಿಗ್ಗೆ. ಎಂಟು ಅಂತ ಬರೆದುಕೊಳ್ಳಿ.
ಯಾವ ಭಾಷೆ?
ನಮ್ಮದು, ಅನ್ನಬೇಕೆಂದಿದ್ದೆ;
ಅವಳದು, ಅಂದೆ.
ಅವನು ಹಳೆಯದನ್ನು ಹೊಡೆದು ಹಾಕಿ ಬರೆದ,
ಸೂಜಿ ತಂದ.

ನೋವು ಇಳಿದ ಮೇಲೆ ಅತ್ತೆ
ಬಾಗಿಲ ಕಡೆ ನೋಡಿ, ಮೆಲ್ಲಗೆ, ನಾರ್ವೇಜಿಯನ್ನಿನಲ್ಲಿ:
ಏನು ಹೇಳಿಬಿಟ್ಟೆ ನಾನು?
ಲೆಕ್ಕ, ಅಂದೆ.
ಯಾರು ಕೇಳಿಸಿಕೊಂಡರು?
ನಾನು.

ಹೊದಿಕೆಯ ಅಂಚಿನ ಹೊಲಿಗೆಯನ್ನು
ಹೆಬ್ಬೆರಳಿಂದ ಒಂದೊಂದೇ ತಡವುತ್ತ
ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಕೇಳಿದಳು,
ಸರಿಯಿತ್ತಾ?